ಗಡಿ ಗೇಟು ತೆರೆದಿದೆಯಾ? ಸ್ವಂತ ಕಾರಿನಲ್ಲಿ ದೇಶ ದಾಟುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

2019ರ ಜನವರಿ. ನೇಪಾಳದ ಮುಗ್ಲಿಂಗ್ ಹತ್ತಿರ ರಸ್ತೆ ಬದಿಯ ಒಂದು ಸಣ್ಣ ಹೋಟೆಲು. ದಾಲ್-ಭಾತ್ ಊಟ ಮುಗಿಸಿ ನಾನು 500ರ ನೋಟು ಚಾಚಿದೆ. ಹೋಟೆಲು ನಡೆಸುತ್ತಿದ್ದ ದೀದಿ ಅದನ್ನು ಮುಟ್ಟಲೇ ಇಲ್ಲ. ನೂರರ ನೋಟು ಇದ್ದರೆ ಕೊಡಿ ಅಂತ ಹಿಂದಿಯಲ್ಲಿ ಹೇಳಿದರು. ನನ್ನ ಪರ್ಸಿನಲ್ಲಿ ಇದ್ದದ್ದೆಲ್ಲ 500 ಮತ್ತು 200. ಹೆಂಡತಿಯ ಬ್ಯಾಗು ಹುಡುಕಿದೆವು, ಸಿಗಲಿಲ್ಲ. ಕೊನೆಗೆ ಟೋಲ್‌ಗೆಂದು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದ ಮಡಚಿದ ನೂರರ ನೋಟುಗಳು ನೆನಪಾದವು. ದೀದಿ ಅವನ್ನು ತೊಡೆಯ ಮೇಲೆ ಇಟ್ಟು ಅಂಗೈಯಿಂದ ನೀಟಾಗಿ ಮಾಡಿ, ನಮ್ಮ ಒಂದು ರೂಪಾಯಿಗೆ ಅವರ 1.60ರ ಲೆಕ್ಕದಲ್ಲಿ ನೇಪಾಳಿ ಚಿಲ್ಲರೆ ಕೊಟ್ಟರು.

ಅದು ಆ ಹೋಟೆಲಿನ ನಿಯಮ ಅಲ್ಲ. 2016ರ ನವೆಂಬರ್ 8ರ ರಾತ್ರಿ ನಮ್ಮಲ್ಲಿ ನೋಟು ರದ್ದಾದಾಗ ನೇಪಾಳದ ಬ್ಯಾಂಕುಗಳಲ್ಲಿ, ಮನೆಗಳಲ್ಲಿ ಇದ್ದ ನಮ್ಮ ಹಳೇ ನೋಟುಗಳು ಅಲ್ಲೇ ಉಳಿದುಬಿಟ್ಟವು. ಬದಲಿಸಿಕೊಡುವ ಮಾತುಕತೆ ಮುಗಿಯಲೇ ಇಲ್ಲ. ಎರಡು ವರ್ಷ ಕಾದ ನೇಪಾಳ 2018ರ ಡಿಸೆಂಬರಿನಲ್ಲಿ 100ಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನೇ ನಿಷೇಧಿಸಿತು. ಒಂದು ತಿಂಗಳ ನಂತರ ನಾನು ಅಲ್ಲಿದ್ದೆ. ದೆಹಲಿ ಮತ್ತು ಕಠ್ಮಂಡು ನಡುವೆ ಮುಗಿಯದ ಲೆಕ್ಕ ನನ್ನ ಊಟದ ಬಿಲ್ಲಿಗೆ ಬಂದು ಕೂತಿತ್ತು.

ಆವತ್ತಿನಿಂದ ನಾನು ಪ್ರವಾಸದ ಪ್ಲಾನು ಮಾಡುವ ರೀತಿಯೇ ಬದಲಾಯಿತು. ಮೊದಲು ರಸ್ತೆ, ಹೋಟೆಲು, ನೋಡುವ ಜಾಗ ನೋಡುತ್ತಿದ್ದೆ. ಈಗ ಮೊದಲು ನೋಡುವುದು ಗೇಟು. ಆ ಗಡಿ ಇವತ್ತು ಯಾರಿಗೆ ತೆರೆದಿದೆ, ನಾಳೆ ಮುಚ್ಚಿದರೆ ನನ್ನ ಕಾರು ಯಾವ ಕಡೆ ಇರುತ್ತದೆ? ಇದಕ್ಕೆ ಉತ್ತರ ಇಟ್ಟುಕೊಂಡು ಹೊರಟರೆ ಪ್ರವಾಸ ಕೆಡುವುದಿಲ್ಲ. ಕೆಎ ನಂಬರ್ ಪ್ಲೇಟಿನ ಸ್ವಂತ ಗಾಡಿಯಲ್ಲಿ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಹೋಗಿ ಬಾಡಿಗೆ ಕಾರು ಓಡಿಸುವವರಿಗೂ ಕೊನೆಯಲ್ಲಿ ಸ್ವಲ್ಪ ಇದೆ.

ಹೆಜ್ಜೆ 1: ದೇಶಗಳನ್ನು ಮೂರು ರಾಶಿ ಮಾಡಿ

ಒಂದು ಹಾಳೆ ತಗೊಳ್ಳಿ. ನಮ್ಮ ಸುತ್ತಲಿನ ದೇಶಗಳನ್ನು ಬರೆದು ಮೂರು ಭಾಗ ಮಾಡಿ.

ಮೊದಲ ರಾಶಿಯಲ್ಲಿ ನೇಪಾಳ, ಭೂತಾನ್. ನಮಗೆ ವೀಸಾ ಬೇಡ. ಗಾಡಿಗೆ ಗಡಿಯಲ್ಲೇ ಪರ್ಮಿಟ್ ಸಿಗುತ್ತದೆ. ನೇಪಾಳದ ಜೊತೆಗಿನ ಈ ಸಲೀಸು 1950ರ ಶಾಂತಿ ಮತ್ತು ಸ್ನೇಹ ಒಪ್ಪಂದದಿಂದ ಬಂದದ್ದು. ಮೊದಲ ಸಲ ದೇಶ ದಾಟುವವರು ಇಲ್ಲಿಂದಲೇ ಶುರು ಮಾಡಿ.

ಎರಡನೇ ರಾಶಿ: ವೀಸಾ, ಕಾರ್ನೆಟ್ (ಗಾಡಿಯ ಪಾಸ್‌ಪೋರ್ಟು, ಹೆಜ್ಜೆ 5ರಲ್ಲಿ ಹೇಳುತ್ತೇನೆ), ಸ್ಥಳೀಯ ಏಜೆನ್ಸಿ, ಗೈಡ್, ಇವುಗಳಲ್ಲಿ ಆಯಾ ದೇಶ ಕೇಳಿದ್ದೆಲ್ಲ ಇದ್ದರೆ ಹೋಗಬಹುದಾದ ದೇಶಗಳು. ಚೀನಾ, ಥಾಯ್ಲೆಂಡ್, ಮಧ್ಯ ಏಷ್ಯಾದ ದೇಶಗಳು ಇಲ್ಲಿ ಬರುತ್ತವೆ.

ಮೂರನೇ ರಾಶಿ: ರಸ್ತೆ ಇದೆ, ಗೇಟು ಇಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ದಾಳಿ ಆಯಿತು. ಮರುದಿನವೇ ಪಾಕಿಸ್ತಾನ ಗಡಿಯ ಅಟ್ಟಾರಿ ಗೇಟು ಮುಚ್ಚುವುದಾಗಿ ನಮ್ಮ ಸರ್ಕಾರ ಪ್ರಕಟಿಸಿತು. ಮೇ 7ರಂದು ಆಚೆಯ ಗುರುದ್ವಾರಕ್ಕೆ ಹೋಗುವ ಕರ್ತಾರ್‌ಪುರ ಕಾರಿಡಾರ್ ಕೂಡ ನಿಂತಿತು. 2019ರ ನವೆಂಬರಿನಲ್ಲಿ ಅಷ್ಟು ಸಂಭ್ರಮದಿಂದ ತೆರೆದ ದಾರಿ ಅದು. ಬಾಂಗ್ಲಾದೇಶವನ್ನು 2024ರ ಆಗಸ್ಟ್ 5ರಂದು ಶೇಖ್ ಹಸೀನಾ ಸರ್ಕಾರ ಉರುಳಿದ ನಂತರ ನಾನು ಈ ರಾಶಿಗೆ ಸರಿಸಿದ್ದೇನೆ. ಕೋಲ್ಕತ್ತ–ಢಾಕಾ ಮೈತ್ರಿ ಎಕ್ಸ್‌ಪ್ರೆಸ್ ರೈಲು ಅದಕ್ಕೂ ಮೊದಲು ಜುಲೈನಲ್ಲೇ ನಿಂತಿತ್ತು.

ಮ್ಯಾನ್ಮಾರ್ ಬಗ್ಗೆ ನನಗೆ ನಿಜಕ್ಕೂ ಸಂಕಟ ಇದೆ. 2018ರ ಆಗಸ್ಟ್ 8ರಂದು ಮಣಿಪುರದ ಮೋರೆಯಿಂದ ಆಚೆಯ ತಾಮುಗೆ ಪಾಸ್‌ಪೋರ್ಟು, ವೀಸಾ ಇದ್ದವರು ದಾಟಬಹುದಾದ ಗೇಟು ಅಧಿಕೃತವಾಗಿ ತೆರೆಯಿತು. ಮೋರೆಯಿಂದ ಥಾಯ್ಲೆಂಡಿನ ಮೇ ಸೋಟ್‌ವರೆಗೆ 1,360 ಕಿ.ಮೀ. ತ್ರಿಪಕ್ಷ ಹೆದ್ದಾರಿಯ ಕನಸು ಕೈಗೆ ಎಟುಕುವಂತೆ ಕಂಡಿತ್ತು. ಎರಡು ವರ್ಷ ತುಂಬುವ ಮೊದಲೇ ಕೋವಿಡ್. 2021ರ ಫೆಬ್ರವರಿ 1ರಂದು ಅಲ್ಲಿ ಸೇನೆ ಅಧಿಕಾರ ಹಿಡಿಯಿತು. 2023ರ ಮೇ 3ರಿಂದ ನಮ್ಮ ಮಣಿಪುರವೇ ಹೊತ್ತಿ ಉರಿಯಿತು. 2024ರಲ್ಲಿ ಗಡಿಯ ಜನರ ಮುಕ್ತ ಓಡಾಟದ ವ್ಯವಸ್ಥೆಯನ್ನೂ ಬಿಗಿ ಮಾಡಿದರು. "ಯಾರೋ ದಾಟಿ ಹೋದರಂತೆ" ಅನ್ನುವ ಮಾತು ಕೇಳಿ ಆ ಕಡೆ ಗಾಡಿ ತಿರುಗಿಸಬೇಡಿ. ಅಲ್ಲಿನ ಜನ ಬದುಕು ಉಳಿಸಿಕೊಳ್ಳಲು ಓಡುತ್ತಿರುವ ದಾರಿ ಅದು.

ಈ ಹಾಳೆಯ ಮೇಲೆ ತಾರೀಖು ಬರೆಯಿರಿ. ಪೆನ್ಸಿಲಿನಲ್ಲೇ ಬರೆಯಿರಿ. ರಾಶಿಗಳು ಬದಲಾಗುತ್ತವೆ. ಕಿರ್ಗಿಸ್ತಾನ–ತಜಿಕಿಸ್ತಾನ ಗಡಿ ಜಗಳದಿಂದ 2021ರಲ್ಲಿ ಮುಚ್ಚಿತ್ತು. 2025ರ ಮಾರ್ಚಿನಲ್ಲಿ ಒಪ್ಪಂದ ಆಗಿ ಮತ್ತೆ ತೆರೆಯಿತು. ಇಂಥ ಒಳ್ಳೆಯ ಸುದ್ದಿಯೂ ಬರುತ್ತದೆ, ನಾವು ಗಮನಿಸುವುದು ಕಡಿಮೆ.

ಹೆಜ್ಜೆ 2: ಲಾರಿಗಳನ್ನು ನೋಡಿ

ಸಂಬಂಧ ಕೆಡುತ್ತಿದೆ ಅನ್ನುವುದು ಪ್ರವಾಸಿಗೆ ಎಲ್ಲಿ ಮೊದಲು ಗೊತ್ತಾಗುತ್ತದೆ? ಟಿವಿ ಚರ್ಚೆಯಲ್ಲಿ ಅಲ್ಲ. ಅಲ್ಲಿ ದಿನಾ ಯುದ್ಧ ನಡೆಯುತ್ತಿರುತ್ತದೆ. ನಾನು ನೋಡುವುದು ಗಡಿಯಲ್ಲಿ ನಿಂತ ಸರಕು ಲಾರಿಗಳನ್ನು.

2015ರ ಸೆಪ್ಟೆಂಬರ್ 20ರಂದು ನೇಪಾಳ ಹೊಸ ಸಂವಿಧಾನ ಜಾರಿ ಮಾಡಿತು. ತರಾಯಿ ಬಯಲಿನ ಮಧೇಸಿಗಳು ಒಪ್ಪಲಿಲ್ಲ, ಗಡಿಯಲ್ಲಿ ಧರಣಿ ಕೂತರು. ಬಿಹಾರದ ರಕ್ಸೌಲ್‌ನಲ್ಲಿ ಲಾರಿಗಳು ನಿಂತವು. ಭಾರತವೇ ದಿಗ್ಬಂಧನ ಹಾಕಿದೆ ಅಂತ ನೇಪಾಳ ದೂರಿತು, ಭಾರತ ಅದನ್ನು ನಿರಾಕರಿಸಿತು. ಕಾರಣ ಯಾರೇ ಇರಲಿ, ಕಠ್ಮಂಡುವಿನಲ್ಲಿ ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ, ಅಡುಗೆಗೆ ಗ್ಯಾಸ್ ಇಲ್ಲ. ಇದು ಮುಂದಿನ ಫೆಬ್ರವರಿವರೆಗೂ ನಡೆಯಿತು. ಆ ತಿಂಗಳುಗಳಲ್ಲಿ ಕಾರು ತಗೊಂಡು ಒಳಗೆ ಹೋಗಿದ್ದರೆ ವಾಪಸ್ ಬರಲು ಡೀಸೆಲ್ ಎಲ್ಲಿಂದ ತರುತ್ತಿದ್ದಿರಿ? ಅದಕ್ಕೇ ಹೇಳುವುದು. ಲಾರಿ ನಿಂತರೆ ಮೂರು ನಾಲ್ಕು ದಿನದಲ್ಲಿ ಬಂಕು ಖಾಲಿಯಾಗುತ್ತದೆ, ಆಮೇಲೆ ನಿಮ್ಮ ಸರದಿ.

ಹೊರಡುವ ಮೂರು ವಾರ ಮೊದಲಿನಿಂದ ದಿನಾ ಹತ್ತು ನಿಮಿಷ ಇದಕ್ಕೆ ಕೊಡಿ. ಗೋರಖ್‌ಪುರ, ರಕ್ಸೌಲ್, ಸಿಲಿಗುರಿಯ ಸ್ಥಳೀಯ ಹಿಂದಿ ಸುದ್ದಿ ನೋಡಿ. ಗಡಿಯ ಸುದ್ದಿ ಅಲ್ಲಿ ಮೊದಲು ಬರುತ್ತದೆ. ನಮ್ಮ ವಿದೇಶಾಂಗ ಸಚಿವಾಲಯದ ಪ್ರವಾಸ ಸೂಚನೆಗಳನ್ನು ಓದಿ. ಆಯಾ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ಸಾಮಾಜಿಕ ಜಾಲತಾಣದ ಖಾತೆಯನ್ನು ಫಾಲೋ ಮಾಡಿ. ಗಡಿ ಊರಿನ ಒಂದು ಲಾಡ್ಜಿಗೆ ಫೋನ್ ಮಾಡಿ ಕೇಳುವುದು ಇದಕ್ಕಿಂತಲೂ ಒಳ್ಳೆಯದು. "ಇವತ್ತು ಬೇರೆ ರಾಜ್ಯದ ಕಾರುಗಳು ದಾಟುತ್ತಿವೆಯಾ?" ಇಷ್ಟೇ ಪ್ರಶ್ನೆ ಸಾಕು. ಬಾಗಿಲ ಮುಂದೆ ನೋಡಿ ಹೇಳುತ್ತಾರೆ.

ಹಾಗಂತ ಎಲ್ಲ ಜಗಳವೂ ಪ್ರವಾಸಿಗೆ ತಟ್ಟುವುದಿಲ್ಲ. 2020ರಲ್ಲಿ, ನೇಪಾಳ ತನ್ನದು ಅನ್ನುವ ಲಿಪುಲೇಖ್‌ಗೆ ನಮ್ಮ ರಸ್ತೆ ಉದ್ಘಾಟನೆ ಆದಾಗ ನೇಪಾಳ ಹೊಸ ನಕ್ಷೆಯನ್ನೇ ಪ್ರಕಟಿಸಿತು, ಸಂವಿಧಾನಕ್ಕೆ ತಿದ್ದುಪಡಿ ತಂದಿತು. ಮಾತು ಬಿಸಿಯಾಗಿತ್ತು. ಆದರೆ ಆಗ ಗಡಿ ಮುಚ್ಚಿದ್ದು ಕೋವಿಡ್‌ನಿಂದ, ನಕ್ಷೆಯಿಂದ ಅಲ್ಲ. ನಕ್ಷೆಯ ಜಗಳ ಇವತ್ತಿಗೂ ಮುಗಿದಿಲ್ಲ, ಕಾರುಗಳು ಓಡಾಡುತ್ತಲೇ ಇವೆ.

ಹೆಜ್ಜೆ 3: ಕ್ಯಾಲೆಂಡರ್ ಮುಂದಿಟ್ಟು ತಾರೀಖು ಆರಿಸಿ

ನಾವು ದಸರಾ ರಜೆ, ಬೇಸಿಗೆ ರಜೆ ನೋಡಿ ತಾರೀಖು ಹಾಕುತ್ತೇವೆ. ಅದರ ಜೊತೆ ಆ ದೇಶದ ರಾಜಕೀಯ ಕ್ಯಾಲೆಂಡರೂ ಬೇಕು.

ಚುನಾವಣೆ ಮೊದಲು ನೋಡಿ. ಬಿಹಾರ, ಉತ್ತರ ಪ್ರದೇಶದ ಗಡಿ ಜಿಲ್ಲೆಗಳಲ್ಲಿ ಮತದಾನ ಇದ್ದರೆ 48ರಿಂದ 72 ಗಂಟೆ ಮೊದಲೇ ನೇಪಾಳ ಗಡಿಯನ್ನು ಸೀಲ್ ಮಾಡುತ್ತಾರೆ. ನೇಪಾಳದಲ್ಲಿ ಚುನಾವಣೆ ಇದ್ದಾಗಲೂ ಹಾಗೇ. ಇದು ಜಗಳ ಅಲ್ಲ, ಮಾಮೂಲಿ ವ್ಯವಸ್ಥೆ. ಆದರೂ ನಿಮ್ಮ ಮೂರು ದಿನ ಹೋಗುತ್ತದೆ. ಆಗಸ್ಟ್ 15, ಜನವರಿ 26ರ ಆಸುಪಾಸಿನಲ್ಲಿ ತಪಾಸಣೆ ಜಾಸ್ತಿ.

ಟಿಬೆಟ್ ಕಡೆ ಹೋಗುವವರು ಫೆಬ್ರವರಿ ಕೊನೆಯಿಂದ ಮಾರ್ಚ್ ಪೂರ್ತಿ ಬಿಟ್ಟುಬಿಡಿ. ಚೀನಾ ವಿರುದ್ಧ ಟಿಬೆಟಿಗರು 1959ರ ಮಾರ್ಚ್ 10ರಂದು ಎದ್ದ ದಂಗೆಯ ನೆನಪಿನ ದಿನಗಳು ಅವು. ಚೀನಾ ಸಾಮಾನ್ಯವಾಗಿ ಆ ಹೊತ್ತಿನಲ್ಲಿ ವಿದೇಶಿಯರಿಗೆ ಟಿಬೆಟ್ ಪರ್ಮಿಟ್ ಕೊಡುವುದಿಲ್ಲ.

ಹೆಜ್ಜೆ 4: ಗಾಡಿಯ ಕಾಗದ ಪತ್ರ

ಆರ್‌ಸಿ, ಡಿಎಲ್, ಎಮಿಷನ್ ಸರ್ಟಿಫಿಕೇಟು, ಇನ್ಶೂರೆನ್ಸು. ನಾಲ್ಕೂ ಮೂಲ ಪ್ರತಿ ಇರಲಿ, ಜೊತೆಗೆ ನಾಲ್ಕು ನಾಲ್ಕು ಜೆರಾಕ್ಸ್. ಮೊಬೈಲಿನ ಡಿಜಿಲಾಕರ್ ಗಡಿಯಾಚೆ ಲೆಕ್ಕಕ್ಕಿಲ್ಲ. ಗಾಡಿ ಅಪ್ಪನ ಹೆಸರಿನಲ್ಲೋ ಕಂಪನಿ ಹೆಸರಿನಲ್ಲೋ ಇದ್ದರೆ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಬೇಕು. ಸಾಲದ ಗಾಡಿಗೆ ಬ್ಯಾಂಕಿನಿಂದ ಎನ್‌ಒಸಿ ತಗೊಳ್ಳಿ.

ಗುರುತಿಗೆ ಪಾಸ್‌ಪೋರ್ಟು ಇಲ್ಲವೇ ವೋಟರ್ ಐಡಿ. ಆಧಾರ್ ನಂಬಿಕೊಂಡು ಹೋಗಬೇಡಿ.

ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಮೋಟಾರು ಪಾಲಿಸಿ ಭಾರತದೊಳಗೆ ಮಾತ್ರ ನಡೆಯುತ್ತದೆ. ಗಡಿ ದಾಟಿದ ಮೊದಲ ಮೀಟರಿನಲ್ಲಿ ಅದು ಸುಮ್ನೆ ಒಂದು ಕಾಗದ. ಇದಕ್ಕೆ 'ಭೌಗೋಳಿಕ ವ್ಯಾಪ್ತಿ ವಿಸ್ತರಣೆ' ಅಂತ ಒಂದು ಸೇರ್ಪಡೆ ಇದೆ. ಏಜೆಂಟರ ಭಾಷೆಯಲ್ಲಿ ಐಎಂಟಿ-1. ಹಳೇ ಮೋಟಾರು ಟ್ಯಾರಿಫಿನ ಪ್ರಕಾರ ಪೂರ್ಣ ಪಾಲಿಸಿಗೆ ₹500, ಬರೀ ಥರ್ಡ್ ಪಾರ್ಟಿಗೆ ₹100. ಅದರಲ್ಲಿ ಆರು ದೇಶಗಳ ಹೆಸರಿದೆ: ಬಾಂಗ್ಲಾದೇಶ, ಭೂತಾನ್, ನೇಪಾಳ, ಪಾಕಿಸ್ತಾನ, ಶ್ರೀಲಂಕಾ, ಮಾಲ್ದೀವ್ಸ್. ಪಾಕಿಸ್ತಾನದ ಹೆಸರು ಓದಿದಾಗೆಲ್ಲ ನನಗೆ ಒಂದು ಥರ ಅನ್ನಿಸುತ್ತದೆ. ಈ ಪಟ್ಟಿ ಬರೆದವರು ಒಂದಲ್ಲ ಒಂದು ದಿನ ನಾವು ಲಾಹೋರಿಗೂ ಕಾರು ಓಡಿಸಿಕೊಂಡು ಹೋಗುತ್ತೇವೆ ಅಂದುಕೊಂಡಿದ್ದರು. ಮ್ಯಾನ್ಮಾರ್, ಥಾಯ್ಲೆಂಡ್, ಚೀನಾ ಇದರಲ್ಲಿ ಇಲ್ಲ. ಅಲ್ಲೆಲ್ಲ ಆಯಾ ದೇಶದ ವಿಮೆ ಮಾಡಿಸಬೇಕು.

2019ರಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ನೇಪಾಳ ಸೇರಿಸಿ ಅಂತ ಏಜೆಂಟ್‌ಗೆ ಫೋನಿನಲ್ಲಿ ಹೇಳಿದ್ದೆ. "ಹಾಕಿದೀನಿ ಸಾರ್, ಆರಾಮಾಗಿ ಹೋಗಿ ಬನ್ನಿ" ಅಂದಿದ್ದರು. ದಾವಣಗೆರೆಯಿಂದ ಮೂರು ದಿನ ಓಡಿಸಿ ಗೋರಖ್‌ಪುರ ಮುಟ್ಟಿದೆವು. ರಾತ್ರಿ ಲಾಡ್ಜಿನಲ್ಲಿ ಕಾಗದ ಜೋಡಿಸುವಾಗ ಭಾವ ಪಾಲಿಸಿ ತಿರುವಿ ನೋಡಿ, "ಇದರಲ್ಲಿ ನೇಪಾಳದ ಹೆಸರೇ ಇಲ್ಲವಲ್ಲೋ" ಅಂದರು. ಮೂರೂ ಪುಟ ಹುಡುಕಿದೆವು. ಇರಲಿಲ್ಲ. ಮರುದಿನ ಆಫೀಸು ತೆರೆಯುವವರೆಗೆ ಕಾದು, ಫೋನ್ ಮಾಡಿ, ಹಣ ಕಟ್ಟಿ, ಮೇಲ್‌ನಲ್ಲಿ ಹೊಸ ಕಾಗದ ಬಂದಾಗ ಹನ್ನೊಂದೂವರೆ. ಅದನ್ನು ಪ್ರಿಂಟ್ ತೆಗೆಸಲು ಮತ್ತೆ ಅರ್ಧ ಗಂಟೆ ಅಂಗಡಿ ಹುಡುಕಿದೆವು. ಮನೆ ಬಿಡುವ ಮೊದಲೇ ಪಾಲಿಸಿಯ ಮೇಲೆ ದೇಶದ ಹೆಸರು ಅಚ್ಚಾಗಿದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ, ನಿಮ್ಮ ಆರ್‌ಟಿಒ ಆಫೀಸಿನಲ್ಲೇ ಸಿಗುತ್ತದೆ. ಪರಿವಾಹನ್ ಪೋರ್ಟಲಿನಲ್ಲಿ ಅರ್ಜಿ ಹಾಕಿ. ಶುಲ್ಕ ₹1,000, ಒಂದು ವರ್ಷ ನಡೆಯುತ್ತದೆ. ನೇಪಾಳ, ಭೂತಾನಿಗೆ ನಮ್ಮ ಡಿಎಲ್ ಸಾಕು. ಅದರಾಚೆ ಹೋಗುವವರಿಗೆ ಇದು ಬೇಕೇ ಬೇಕು.

ಹೆಜ್ಜೆ 5: ದೂರ ಹೋಗುವವರಿಗೆ ಕಾರ್ನೆಟ್

ಕಾರ್ನೆಟ್ ಅಂದರೆ ಗಾಡಿಯ ಪಾಸ್‌ಪೋರ್ಟು. "ಈ ಕಾರನ್ನು ನಿಮ್ಮ ದೇಶದಲ್ಲಿ ಮಾರುವುದಿಲ್ಲ, ವಾಪಸ್ ತಗೊಂಡು ಹೋಗುತ್ತೇನೆ" ಅನ್ನುವ ಭರವಸೆ ಪತ್ರ ಅದು. ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಇದನ್ನು ಕೊಡುತ್ತದೆ. ಒಂದು ವರ್ಷದವರೆಗೆ ನಡೆಯುತ್ತದೆ. ಗಾಡಿಯ ಬೆಲೆ ಮತ್ತು ಹೋಗುವ ದೇಶ ನೋಡಿ ಡಿಪಾಸಿಟ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳುತ್ತಾರೆ. ದೊಡ್ಡ ಮೊತ್ತವೇ ಇರುತ್ತದೆ.

ಒಂದೊಂದು ಹಾಳೆಯಲ್ಲೂ ಮೂರು ತುಂಡು. ಒಳಗೆ ಹೋಗುವಾಗ ಒಂದು ತುಂಡು ಹರಿದುಕೊಳ್ಳುತ್ತಾರೆ, ಹೊರಗೆ ಬರುವಾಗ ಇನ್ನೊಂದು. ಮೂರನೆಯದು ನಿಮ್ಮ ಪುಸ್ತಕದಲ್ಲೇ ಉಳಿಯುತ್ತದೆ, ಅದರ ಮೇಲೆ ಎರಡೂ ಸೀಲು ಬೀಳಬೇಕು. ರಾಜಕೀಯ ಇಲ್ಲೇ ಸಿಕ್ಕಿಕೊಳ್ಳುವುದು. ನೀವು ಒಳಗಿದ್ದಾಗ ಗಡಿ ಮುಚ್ಚಿದರೆ ಹೊರಗಿನ ಸೀಲು ಬೀಳುವುದಿಲ್ಲ. ಸೀಲು ಇಲ್ಲದಿದ್ದರೆ ಕಾರು ಅಲ್ಲೇ ಮಾರಿಬಿಟ್ಟಿದ್ದೀರಿ ಅಂತ ಲೆಕ್ಕ, ಸುಂಕ ಕಟ್ಟಿ ಅನ್ನುತ್ತಾರೆ. ಹಾಗಾಗಿ ಕಾರ್ನೆಟ್ ಮಾಡಿಸುವಾಗ ನೇರ ದಾರಿಯ ದೇಶಗಳ ಜೊತೆ ಸುತ್ತು ದಾರಿಯ ದೇಶಗಳನ್ನೂ ಲೆಕ್ಕಕ್ಕೆ ಹಿಡಿದು ಹಾಳೆಗಳು ಜಾಸ್ತಿ ಇರುವ ಪುಸ್ತಕ ಕೇಳಿ. ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ವಾಪಸ್ ಬರುವಂತೆ ಯೋಜನೆ ಮಾಡಿ. ಏನಾದರೂ ಅಡ್ಡಿಯಾದರೆ ಆ ಎರಡು ತಿಂಗಳು ನಿಮ್ಮನ್ನು ಕಾಪಾಡುತ್ತವೆ.

ಹೆಜ್ಜೆ 6: ಗೇಟಿನ ದಿನ

ನೇಪಾಳದ ಉದಾಹರಣೆ ತಗೊಳ್ಳೋಣ. ಬೆಂಗಳೂರಿನಿಂದ ನಾಗಪುರ, ಜಬಲ್‌ಪುರ, ರೀವಾ, ಪ್ರಯಾಗರಾಜ್, ಗೋರಖ್‌ಪುರ, ಅಲ್ಲಿಂದ ಗಡಿ ಊರು ಸುನೌಲಿ. 2,000 ಕಿ.ಮೀ. ಮೀರುತ್ತದೆ. ಸುನೌಲಿಗೆ ಬೆಳಿಗ್ಗೆ ಬೇಗ ಮುಟ್ಟಿ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ ಓಡುತ್ತದೆ.

ದಾಟಿದ ಕೂಡಲೇ ಎಡಬಲದಿಂದ ಹುಡುಗರು ಬಂದು ಪೇಪರ್ ಮಾಡಿಸಿಕೊಡುತ್ತೇವೆ ಅಂತ ಕಿಟಕಿ ತಟ್ಟುತ್ತಾರೆ. ಅವರು ಬೇಡ. ನೇರ ಭನ್ಸಾರ್ ಕಚೇರಿಗೆ ಹೋಗಿ. ಭನ್ಸಾರ್ ಅಂದರೆ ಕಸ್ಟಮ್ಸ್. ಎಷ್ಟು ದಿನ ಇರುತ್ತೀರೋ ಅಷ್ಟು ದಿನದ ಹಣ ಕಟ್ಟಬೇಕು. ಆಮೇಲೆ ಯಾತಾಯಾತ್ ಪರ್ಮಿಟ್, ಅಂದರೆ ಸಾರಿಗೆ ಇಲಾಖೆಯ ಅನುಮತಿ. ನೇಪಾಳದ ಥರ್ಡ್ ಪಾರ್ಟಿ ವಿಮೆ ಕೇಳಿದರೆ ಅದನ್ನೂ ಅಲ್ಲೇ ಮಾಡಿಸಿ.

ಇಲ್ಲಿ ಎರಡು ಕೆಲಸ ಮರೆಯಬೇಡಿ. ನಿಮಗೆ ಏಳು ದಿನ ಬೇಕಿದ್ದರೆ ಹತ್ತು ದಿನಕ್ಕೆ ಕಟ್ಟಿ. ಬಂದ್, ಕರ್ಫ್ಯೂ, ಭೂಕುಸಿತ ಏನೇ ಆದರೂ ಆ ಮೂರು ದಿನ ನೆಮ್ಮದಿ ಕೊಡುತ್ತವೆ. ಅವಧಿ ಮೀರಿದ ಗಾಡಿಗೆ ಬೀಳುವ ದಂಡಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಎರಡನೆಯದು: ಬೇರೆ ಗೇಟಿನಿಂದ ಹೊರಗೆ ಹೋಗಬಹುದಾ ಅಂತ ಆ ಕೌಂಟರಿನಲ್ಲೇ ಕೇಳಿ, ಪರ್ಮಿಟ್ಟಿನಲ್ಲಿ ಅದಕ್ಕೆ ತಕ್ಕಂತೆ ಬರೆಸಿ. ಸುನೌಲಿ ಮುಚ್ಚಿದರೂ ರಕ್ಸೌಲ್, ರೂಪೈಡೀಹಾ, ಬನ್‌ಬಸಾ, ಪಾನಿಟಂಕಿಯಲ್ಲಿ ಯಾವುದಾದರೂ ಒಂದು ತೆರೆದಿರುವ ಸಾಧ್ಯತೆ ಇರುತ್ತದೆ.

ಭೂತಾನಿನದು ಬೇರೆ ಕಥೆ. ಅಲ್ಲಿ ಜಗಳ ಇಲ್ಲ, ನೀತಿ ಬದಲಾಯಿತು. ಕೋವಿಡ್‌ಗೆ ಮುಂಚೆ ನಾವು ಶುಲ್ಕ ಕಟ್ಟದೆ ಗಡಿ ಊರು ಫುಂಟ್‌ಶೋಲಿಂಗ್‌ನಿಂದ ಥಿಂಪುವರೆಗೆ ಕಾರು ಓಡಿಸುತ್ತಿದ್ದೆವು. 2022ರ ಸೆಪ್ಟೆಂಬರ್ 23ರಂದು ಮತ್ತೆ ತೆರೆದಾಗ ಭಾರತೀಯರಿಗೂ ತಲೆಗೆ ರಾತ್ರಿಗೆ ₹1,200 ಸುಸ್ಥಿರ ಅಭಿವೃದ್ಧಿ ಶುಲ್ಕ ಬಂತು. ಗಡಿ ಊರು ದಾಟಿ ಒಳಗೆ ಹೋಗುವ ನಮ್ಮ ಗಾಡಿಗೆ ದಿನಕ್ಕೆ 4,500 ಅಂತ ಇಟ್ಟರು. ನಾಲ್ಕು ಜನ, ಐದು ರಾತ್ರಿ ಅಂದರೆ ತಲೆ ಲೆಕ್ಕವೇ ₹24,000, ಗಾಡಿಯದು ಐದು ದಿನಕ್ಕೆ ಇನ್ನೊಂದು 22,500. ನನ್ನ ಸಲಹೆ: ಗಡಿಯ ಈಚೆ ನಮ್ಮ ಜೈಗಾಂವ್‌ನಲ್ಲಿ ಕಾರು ನಿಲ್ಲಿಸಿ ಭೂತಾನಿನ ಟ್ಯಾಕ್ಸಿ ತಗೊಳ್ಳಿ. ಅವರ ದೇಶ ಚಿಕ್ಕದು, ರಸ್ತೆ ಕಿರಿದು. ಗಾಡಿ ಕಡಿಮೆ ಇರಲಿ ಅನ್ನುವುದು ಅವರ ಹಕ್ಕು, ಅದನ್ನು ಗೌರವಿಸೋಣ.

ಹೆಜ್ಜೆ 7: ಹಣ ಮತ್ತು ಬುಕಿಂಗ್

ನೇಪಾಳಕ್ಕೆ ನೂರರ ನೋಟುಗಳ ಕಟ್ಟು ಒಯ್ಯಿರಿ. ದೊಡ್ಡ ನೋಟಿನ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ವಾರ ಒಮ್ಮೆ ವಿಚಾರಿಸಿ. ಏನೇ ಬದಲಾದರೂ ಹಳ್ಳಿ ಹೋಟೆಲಿನವರು ನಂಬುವುದು ನೂರರ ನೋಟನ್ನೇ. ಭೂತಾನಿನಲ್ಲಿ 2021ರಿಂದ, ನೇಪಾಳದಲ್ಲಿ 2024ರಿಂದ ನಮ್ಮ ಯುಪಿಐ ನಡೆಯುತ್ತಿದೆ. ಆದರೂ ಬೆಟ್ಟದ ಮೇಲೆ ಸಿಗ್ನಲ್ ಇರಬೇಕಲ್ಲ.

ಹೋಟೆಲನ್ನು ರದ್ದು ಮಾಡಿದರೆ ಹಣ ವಾಪಸ್ ಬರುವ ಷರತ್ತಿನಲ್ಲೇ ಬುಕ್ ಮಾಡಿ. ಇನ್ನೂರು ಮುನ್ನೂರು ಉಳಿಸಲು ಹೋಗಿ ಪೂರ್ತಿ ಕಳೆದುಕೊಳ್ಳಬೇಡಿ. ಪ್ರವಾಸ ವಿಮೆಯಲ್ಲಿ ಯುದ್ಧ, ದಂಗೆ ಇರುವ ಸಾಲನ್ನು ಹುಡುಕಿ ಓದಿ. ಬಹಳಷ್ಟು ಪಾಲಿಸಿಗಳಲ್ಲಿ ಅವನ್ನು ಹೊರಗಿಟ್ಟಿರುತ್ತಾರೆ.

ಬೆಂಗಳೂರು–ಲಂಡನ್ ಕನಸಿದ್ದರೆ

1957ರಲ್ಲಿ ಲಂಡನ್ನಿನಿಂದ ಕಲ್ಕತ್ತಕ್ಕೆ ಬಸ್ಸು ಬಂದಿತ್ತು. ಟರ್ಕಿ, ಇರಾನ್, ಪಾಕಿಸ್ತಾನ ದಾಟಿ. ಯುರೋಪಿನ ಹುಡುಗ ಹುಡುಗಿಯರು ಮುರುಕು ವ್ಯಾನುಗಳಲ್ಲಿ ಕಾಬೂಲ್ ಮೇಲೆ ಗೋವಾಕ್ಕೆ ಬರುತ್ತಿದ್ದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ. ಆ ದಾರಿ ಅಲ್ಲಿಗೆ ಮುಗಿಯಿತು.

ಈಗಿನವರು ನೇಪಾಳದಿಂದ ಟಿಬೆಟ್ ಹತ್ತಿ, ಚೀನಾ ದಾಟಿ ಕಿರ್ಗಿಸ್ತಾನಕ್ಕೆ ಇಳಿಯುತ್ತಾರೆ. ಈ ದಾರಿಯ ಒಂದೊಂದು ಕೊಂಡಿಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಚೀನಾ ನಮ್ಮ ಐಡಿಪಿ ಒಪ್ಪುವುದಿಲ್ಲ. ತಾತ್ಕಾಲಿಕ ಲೈಸೆನ್ಸು, ತಾತ್ಕಾಲಿಕ ನಂಬರ್ ಪ್ಲೇಟು, ಜೊತೆಯಲ್ಲೇ ಬರುವ ಗೈಡು, ಎಲ್ಲವೂ ಏಜೆನ್ಸಿ ಮೂಲಕ ಆಗಬೇಕು. ಖರ್ಚು ಜಾಸ್ತಿ, ಅದಕ್ಕೇ ನಾಲ್ಕೈದು ಗಾಡಿ ಸೇರಿ ಹೋಗುವುದು. 2020ರ ಜೂನ್ 15ರ ಗಲ್ವಾನ್ ಘರ್ಷಣೆಯ ನಂತರ ಈ ಬಾಗಿಲು ಬಹುಪಾಲು ಮುಚ್ಚಿತ್ತು. 2025ರ ಜೂನಿನಲ್ಲಿ ಕೈಲಾಸ ಮಾನಸಸರೋವರ ಯಾತ್ರೆ ಐದು ವರ್ಷದ ನಂತರ ಶುರುವಾಯಿತು, ಅಕ್ಟೋಬರಿನಲ್ಲಿ ನೇರ ವಿಮಾನ ಬಂತು. ಯಾತ್ರೆ, ವಿಮಾನ, ಆಮೇಲೆ ಪ್ರವಾಸಿ ಗಾಡಿ. ಸಂಬಂಧ ಸುಧಾರಿಸುವಾಗ ಹೆಚ್ಚುಕಡಿಮೆ ಈ ಕ್ರಮದಲ್ಲೇ ಬಾಗಿಲು ತೆರೆಯುತ್ತದೆ. ಇಷ್ಟರ ನಡುವೆ 2025ರ ಜುಲೈ 8ರಂದು ನೇಪಾಳ–ಟಿಬೆಟ್ ಗಡಿಯ ರಸುವಾಗಢಿಯಲ್ಲಿದ್ದ ಮಿತೇರಿ ಸೇತುವೆ ಪ್ರವಾಹಕ್ಕೆ ಕೊಚ್ಚಿ ಹೋಯಿತು. ಹೊರಡುವ ಮೊದಲು ಆ ಸೇತುವೆಯ ಸ್ಥಿತಿ ಕೇಳಿ.

ಕಾರಿನ ಹಿಂದೆ ಭಾರತದ ನಕ್ಷೆ, ಹೋಗುವ ದಾರಿಯ ಗೆರೆ ಇರುವ ದೊಡ್ಡ ಸ್ಟಿಕ್ಕರ್ ಅಂಟಿಸುವುದು ನಮ್ಮವರಿಗೆಲ್ಲ ಇಷ್ಟ. ನನಗೂ ಇಷ್ಟ. ಚೀನಾಕ್ಕೆ ಹೋಗುವುದಾದರೆ ಬೇಡ. ತಮ್ಮ ಗಡಿರೇಖೆಗೆ ಹೊಂದದ ನಕ್ಷೆಗಳನ್ನು ಅಲ್ಲಿನ ಕಸ್ಟಮ್ಸ್ ವಶಪಡಿಸಿಕೊಳ್ಳುತ್ತದೆ. ನಮ್ಮ ನಕ್ಷೆಯಲ್ಲಿ ಅರುಣಾಚಲ, ಅಕ್ಸಾಯ್ ಚಿನ್ ನಮ್ಮದೇ. ಆ ನಕ್ಷೆಯನ್ನು ಬದಲಿಸುವುದೂ ಬೇಡ, ಅಲ್ಲಿ ತೋರಿಸಿ ಸಿಕ್ಕಿಕೊಳ್ಳುವುದೂ ಬೇಡ. ಬರೀ ಊರುಗಳ ಹೆಸರು ಬರೆಸಿ.

ಕಜಕಿಸ್ತಾನದಿಂದ ಮುಂದೆ ಕ್ಯಾಸ್ಪಿಯನ್ ಸಮುದ್ರ ದಾಟಿ ಅಜರ್‌ಬೈಜಾನಿಗೆ ಹೋಗುವ ದಾರಿ ಚೆನ್ನಾಗಿತ್ತು. ಆದರೆ 2020ರಲ್ಲಿ ಕೋವಿಡ್ ಅಂತ ಮುಚ್ಚಿದ ತನ್ನ ಭೂಗಡಿಯನ್ನು ಅಜರ್‌ಬೈಜಾನ್ ಪ್ರವಾಸಿಗಳಿಗೆ ತೆರೆದೇ ಇಲ್ಲ, 2025ರಲ್ಲೂ ಗಡುವು ಮುಂದೆ ಹಾಕುತ್ತಲೇ ಬಂತು. ಹಾಗಾಗಿ ರಷ್ಯಾ ಸುತ್ತಿ ವೆರ್ಖ್ನಿ ಲಾರ್ಸ್ ಗೇಟಿನಿಂದ ಜಾರ್ಜಿಯಾಕ್ಕೆ ಇಳಿಯಬೇಕು. ರಷ್ಯಾದಲ್ಲಿ 2022ರ ಮಾರ್ಚಿನಿಂದ ನಮ್ಮ ಬ್ಯಾಂಕುಗಳ ವೀಸಾ ಕಾರ್ಡು, ಮಾಸ್ಟರ್‌ಕಾರ್ಡು ನಡೆಯುವುದಿಲ್ಲ. ಆ ಹಾದಿಗೆ ಬೇಕಾದಷ್ಟು ನಗದು ಕೈಯಲ್ಲಿರಬೇಕು. ಫಿನ್ಲೆಂಡ್ ಕಡೆಯಿಂದ ಹೋಗೋಣ ಅಂದರೆ ಅದು 2023ರ ಕೊನೆಯಿಂದ ರಷ್ಯಾ ಗಡಿಯನ್ನು ಮುಚ್ಚಿದೆ.

ಟರ್ಕಿಯಿಂದ ಮುಂದೆ ದಾರಿ ಹಗುರ. ಬಲ್ಗೇರಿಯಾ, ರುಮೇನಿಯಾ 2025ರ ಜನವರಿ 1ರಿಂದ ಭೂಗಡಿಯಲ್ಲೂ ಷೆಂಗೆನ್ ಸೇರಿದವು. ಬಲ್ಗೇರಿಯಾದಲ್ಲಿ ಒಮ್ಮೆ ಒಳಗೆ ಬಂದರೆ ಹಂಗೇರಿ, ಆಸ್ಟ್ರಿಯಾ ದಾಟಿ ಫ್ರಾನ್ಸ್‌ವರೆಗೆ ಮಾಮೂಲಿ ಪಾಸ್‌ಪೋರ್ಟ್ ತಪಾಸಣೆ ಇಲ್ಲ. ಮೊದಲು ಅಲ್ಲಿ ಗಂಟೆಗಟ್ಟಲೆ ಕ್ಯೂ ನಿಲ್ಲುತ್ತಿದ್ದವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಗೊತ್ತು. ಷೆಂಗೆನ್ ಒಳಗೆ 180 ದಿನದಲ್ಲಿ 90 ದಿನ ಮಾತ್ರ ಇರಬಹುದು ಅನ್ನುವ ಲೆಕ್ಕ ಮರೆಯಬೇಡಿ. ಬ್ರಿಟನ್ನಿಗೆ ಬೇರೆಯೇ ವೀಸಾ.

ಹೊರಗಿದ್ದುಕೊಂಡು ಓಡಿಸುವವರಿಗೆ

ವಿಮಾನದಲ್ಲಿ ಹೋಗಿ ಬಾಡಿಗೆ ಕಾರು ತಗೊಳ್ಳುವವರು ಐಡಿಪಿಯ ಮೇಲಿನ ವರ್ಷ ನೋಡಿ. ನಮ್ಮದು 1949ರ ಜಿನೀವಾ ಒಪ್ಪಂದದ ಪ್ರಕಾರದ್ದು. ವಿಯೆಟ್ನಾಂ ಒಪ್ಪುವುದು 1968ರದ್ದನ್ನು. ಅಲ್ಲಿ ನಮ್ಮ ಐಡಿಪಿ ತೋರಿಸಿ ಬೈಕ್ ಬಾಡಿಗೆಗೆ ಸಿಗಬಹುದು, ಅಪಘಾತವಾದರೆ ವಿಮೆ ಸಿಗುವುದಿಲ್ಲ. ಬಾಡಿಗೆ ಕಂಪನಿಯ ಬಳಿ ಯಾವ ಯಾವ ದೇಶಕ್ಕೆ ಕಾರು ಒಯ್ಯಬಹುದು ಅಂತ ಬರೆಸಿಕೊಳ್ಳಿ. ಥಾಯ್ಲೆಂಡಿನಿಂದ ಕಾಂಬೋಡಿಯಾಕ್ಕೆ ರಸ್ತೆಯಲ್ಲಿ ಹೋಗುವ ಪ್ಲಾನು 2025ರ ಜುಲೈನಲ್ಲಿ ಅಲ್ಲಿ ಗುಂಡು ಹಾರಿದ ಮೇಲೆ ಎಷ್ಟೋ ಜನರದ್ದು ಕೆಟ್ಟಿತು.

ಕೊಲ್ಲಿಯಲ್ಲಿರುವ ನಮ್ಮ ಕರಾವಳಿಯವರಿಗೆ ಇದನ್ನೆಲ್ಲ ನಾನು ಹೇಳಬೇಕಿಲ್ಲ. 2017ರ ಜೂನ್ 5ರಂದು ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಸೇರಿ ಕತಾರಿನ ಸಂಬಂಧ ಕಡಿದುಕೊಂಡವು. ಕತಾರಿಗೆ ಇದ್ದದ್ದು ಒಂದೇ ಭೂಗಡಿ, ಸೌದಿ ಕಡೆಯ ಸಲ್ವಾ. ಅದು ಮುಚ್ಚಿತು. ದೋಹಾದಿಂದ ಕಾರಿನಲ್ಲಿ ಉಮ್ರಾಕ್ಕೆ ಹೋಗುತ್ತಿದ್ದ ಮನೆಗಳು, ದುಬೈನಲ್ಲಿರುವ ಅಣ್ಣನ ಮನೆಗೆ ವಾರಾಂತ್ಯಕ್ಕೆ ಹೋಗುತ್ತಿದ್ದ ಮನೆಗಳು ಮೂರೂವರೆ ವರ್ಷ ಆ ದಾರಿ ಮರೆತವು. 2021ರ ಜನವರಿಯಲ್ಲಿ ಅಲ್-ಉಲಾ ಒಪ್ಪಂದ ಆದ ಮೇಲೆ ಗೇಟು ತೆರೆಯಿತು. ಅಲ್ಲಿ ಕಾರು ಓಡಿಸುವವರು ಪಕ್ಕದ ದೇಶಕ್ಕೆ ನಡೆಯುವ ಆರೆಂಜ್ ಕಾರ್ಡ್ ವಿಮೆ ತಗೊಳ್ಳುವುದನ್ನು ಬಿಡಬಾರದು.

ಒಳಗಿದ್ದಾಗ ಗೇಟು ಮುಚ್ಚಿದರೆ

2025ರ ಸೆಪ್ಟೆಂಬರ್ 8ರಂದು ಕಠ್ಮಂಡುವಿನಲ್ಲಿ ಯುವಕರ ಪ್ರತಿಭಟನೆ ಶುರುವಾಯಿತು. ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ಸಂಸತ್ ಭವನಕ್ಕೆ ಬೆಂಕಿ ಬಿತ್ತು, ವಿಮಾನ ನಿಲ್ದಾಣ ಮುಚ್ಚಿತು. ಎರಡೇ ದಿನ. ಹಿಂದಿನ ವಾರ ಹೋದವರಿಗೆ ಇದರ ಸುಳಿವೂ ಇರಲಿಲ್ಲ. ಎಷ್ಟೇ ಸುದ್ದಿ ಓದಿದ್ದರೂ ಇಂಥದ್ದು ತಪ್ಪುವುದಿಲ್ಲ.

ಆಗ ಮಾಡಬೇಕಾದದ್ದು ಹೀಗೆ. ಇರುವಲ್ಲೇ ಇರಿ. ಕರ್ಫ್ಯೂ ಇರುವಾಗ ಗಡಿ ಕಡೆ ಓಡಬೇಡಿ, ಹೆದ್ದಾರಿಯಲ್ಲೇ ಟಯರು ಸುಡುತ್ತಿರುತ್ತಾರೆ. ಕಾರನ್ನು ರಸ್ತೆಯಿಂದ ಒಳಗೆ, ಹೋಟೆಲಿನ ಗೇಟಿನೊಳಗೆ ಹಾಕಿ. ರಾಯಭಾರ ಕಚೇರಿಯ ಸಹಾಯವಾಣಿಗೆ ಫೋನ್ ಮಾಡಿ ಹೆಸರು, ಜಾಗ, ಗಾಡಿ ನಂಬರ್ ಬರೆಸಿ. ಸಂಜೆ ಹೊತ್ತಿಗೆ ಟ್ಯಾಂಕು ಅರ್ಧಕ್ಕಿಂತ ಕೆಳಗಿರಬಾರದು ಅನ್ನುವ ನಿಯಮವನ್ನು ಮೊದಲ ದಿನದಿಂದಲೇ ಪಾಲಿಸಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ಪರ್ಮಿಟ್ ಮುಗಿಯುತ್ತಿದ್ದರೆ ಹತ್ತಿರದ ಕಸ್ಟಮ್ಸ್ ಕಚೇರಿಗೆ ತಿಳಿಸಿ. ಹೋಟೆಲಿನ ಬಿಲ್ಲು, ಕರ್ಫ್ಯೂ ಆದೇಶದ ಸುದ್ದಿಯ ಫೋಟೊ ಇಟ್ಟುಕೊಳ್ಳಿ, ದಂಡದ ಮಾತು ಬಂದಾಗ ತೋರಿಸಲು. ಕಾರು ಬಿಟ್ಟು ಬರಲೇಬೇಕಾದ ಪರಿಸ್ಥಿತಿ ಬಂದರೆ ಯಾರ ವಶದಲ್ಲಿ ಬಿಟ್ಟಿದ್ದೀರಿ ಅಂತ ಅವರ ಸಹಿ ಸಮೇತ ಬರೆಸಿಕೊಂಡು ರಾಯಭಾರ ಕಚೇರಿಗೆ ಒಂದು ಪ್ರತಿ ಕಳಿಸಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಕಾರಿನ ಆಸೆ ಬಿಟ್ಟು ಅವರನ್ನು ಮೊದಲು ದಾಟಿಸಿ.

ವಾಪಸ್ ದಾಟುವಾಗ ಭನ್ಸಾರ್ ರಸೀದಿಯನ್ನು ಹೊರಹೋಗುವ ಕೌಂಟರಿನಲ್ಲಿ ತೋರಿಸಿ, ಗಾಡಿ ಹೊರಗೆ ಹೋಯಿತು ಅಂತ ದಾಖಲೆ ಮಾಡಿಸಿ. ಮನೆಗೆ ಬಂದ ಖುಷಿಯಲ್ಲಿ ಎಷ್ಟೋ ಜನ ಇದನ್ನು ಬಿಟ್ಟು ಬರುತ್ತಾರೆ, ಮುಂದಿನ ಸಲ ಅದೇ ಕಾರನ್ನು ಗೇಟಿನಲ್ಲಿ ತಡೆದಾಗ ನೆನಪಾಗುತ್ತದೆ. ಕಾರ್ನೆಟ್ ಇದ್ದವರು ಭಾರತದ ಕಸ್ಟಮ್ಸ್ ಸೀಲು ಹಾಕಿಸಿ ಪುಸ್ತಕವನ್ನು ಮುಂಬೈಗೆ ವಾಪಸ್ ಕಳಿಸಿ. ಅದು ತಲುಪಿ, ಎಲ್ಲ ಹಾಳೆಗಳಲ್ಲೂ ಜೋಡಿ ಸೀಲು ಇದೆ ಅಂತ ನೋಡಿದ ಮೇಲೆಯೇ ನಿಮ್ಮ ಡಿಪಾಸಿಟ್ ಬಿಡುಗಡೆ ಆಗುವುದು.